ಬಡವರ ಊಟಿಯ ಬಿಸಿಲು, ಮುಖದ ಮೇಲಿನ ಲೇಸರ್

ಹಾಸನವನ್ನು ‘ಬಡವರ ಊಟಿ’ ಎಂದು ಕರೆಯುವುದು ಹಳೆಯ ರೂಢಿ. ಬೇಸಿಗೆಯಲ್ಲೂ ಸಂಜೆಯಾಗುತ್ತಿದ್ದಂತೆ ತಣ್ಣನೆ ಗಾಳಿ ಬೀಸುವ ಊರು ಎಂಬ ಹೆಮ್ಮೆ ಆ ಹೆಸರಿನಲ್ಲಿದೆ. ಆದರೆ ಚರ್ಮದ ಮಟ್ಟಿಗೆ ಈ ತಂಪನ್ನು ನಂಬುವಂತಿಲ್ಲ. ಸೆಖೆ ಹುಟ್ಟಿಸುವ ಕಿರಣಗಳೇ ಬೇರೆ, ಚರ್ಮಕ್ಕೆ ಮುಪ್ಪು ತರುವ ನೇರಳಾತೀತ ಕಿರಣಗಳೇ ಬೇರೆ. ಎರಡನೆಯವು ಮೈಗೆ ಬಿಸಿಯಾಗಿ ತಾಕುವುದೇ ಇಲ್ಲ. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಈ ಕಿರಣಗಳ ಪ್ರಮಾಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹಾಸನ ಇರುವುದು ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ, 3,000 ಅಡಿಯ ಆಸುಪಾಸಿನಲ್ಲಿ. 13 ಡಿಗ್ರಿ ಅಕ್ಷಾಂಶದ ಈ ಸೀಮೆಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಯ ಮೇಲೆ ಬರುತ್ತಾನೆ. ಒಂದು ಏಪ್ರಿಲ್ ಕೊನೆಯ ವಾರದಲ್ಲಿ, ಇನ್ನೊಂದು ಆಗಸ್ಟ್ ಮೂರನೆಯ ವಾರದಲ್ಲಿ. ಆಗಸ್ಟ್‌ನಲ್ಲಿ ಮೋಡ ಕವಿದಿರುತ್ತದೆ, ಬಿಸಿಲೇ ಇಲ್ಲ ಅನ್ನಿಸುತ್ತದೆ. ಆದರೂ ತೆಳು ಮೋಡದ ಮೂಲಕ ನೇರಳಾತೀತ ಕಿರಣಗಳ ಬಹುಪಾಲು ಕೆಳಗಿಳಿದೇ ಇಳಿಯುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಮುರಿಯುವ, ಹಾಸನದ ಸುತ್ತ ಆಲೂಗಡ್ಡೆ ಕೀಳುವ ಕೆಲಸ ನಡೆಯುವುದೂ ಆ ದಿನಗಳಲ್ಲೇ.

ಈಗ ಲೇಸರ್ ಚಿಕಿತ್ಸೆಯ ಮಾತು ಹಾಸನಕ್ಕೂ, ಅಲ್ಲಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೂ ಮೊಬೈಲ್ ಪರದೆಯ ಮೂಲಕ ತಲುಪಿದೆ. ಜಾಹೀರಾತಿನಲ್ಲಿ ಒಂದು ಕಡೆ ಸುಕ್ಕುಗಟ್ಟಿದ, ಕಲೆ ತುಂಬಿದ ಮುಖ. ಪಕ್ಕದಲ್ಲಿ ಅದೇ ಮುಖ ನುಣುಪಾಗಿ, ಹೊಳೆಯುತ್ತಾ. ಮದುವೆಗೆ ಮುಂಚೆ ಮೊಡವೆ ಕಲೆ ಹೋಗಿಸಬೇಕೆಂದಿರುವ ಹುಡುಗಿ, ಕೆಲಸದ ಸಂದರ್ಶನಕ್ಕೆ ಹೊರಟ ಹುಡುಗ, ಹೆರಿಗೆಯ ನಂತರ ಕೆನ್ನೆಯ ಮೇಲೆ ಬಂಗು ಬಂದಿರುವ ಗೃಹಿಣಿ, ಐವತ್ತು ದಾಟಿದ ಶಿಕ್ಷಕಿ, ಎಲ್ಲರ ಪ್ರಶ್ನೆಯೂ ಒಂದೇ: ಲೇಸರ್ ಮಾಡಿಸಿಕೊಳ್ಳಬಹುದೇ? ಉತ್ತರ ಮಾತ್ರ ನಾಲ್ವರಿಗೂ ಬೇರೆ ಬೇರೆ. ಲೇಸರ್ ಒಳ್ಳೆಯ ಸಲಕರಣೆ, ಗುಳಿಬಿದ್ದ ಕಲೆಗಳಿಗೆ ಅದರಿಂದ ನಿಜವಾದ ಪ್ರಯೋಜನವಿದೆ. ಆದರೆ ನಮ್ಮ ಬಣ್ಣದ ಚರ್ಮಕ್ಕೆ, ನಮ್ಮ ಬಿಸಿಲಿನಲ್ಲಿ ಅದು ಮೊದಲ ಚಿಕಿತ್ಸೆಯಾಗಬಾರದು. ಕಾಯಿಲೆ ಯಾವುದು ಎಂದು ಗೊತ್ತಾಗಿ, ಬಿಸಿಲಿಗೆ ತಡೆ ಹಾಕಿ, ಔಷಧದಿಂದ ಆಗುವಷ್ಟು ಆದ ಮೇಲೆ ಉಳಿದದ್ದಕ್ಕೆ ಲೇಸರ್ ಬರಬೇಕು. ಈ ಕ್ರಮ ತಲೆಕೆಳಗಾದಾಗ ದುಡ್ಡೂ ಹೋಗುತ್ತದೆ, ಮುಖವೂ ಮೊದಲಿಗಿಂತ ಕಪ್ಪಾಗುತ್ತದೆ.

ಲೇಸರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸಗಳು ನಡೆಯುತ್ತವೆ ಎಂಬುದನ್ನು ಮೊದಲು ತಿಳಿಯಬೇಕು. ಬೇಡದ ಕೂದಲು ತೆಗೆಯುವ ಲೇಸರ್ ಒಂದು. ಚರ್ಮದೊಳಗಿನ ಬಣ್ಣದ ಕಣಗಳನ್ನು ಒಡೆಯುವ, ‘ಟೋನಿಂಗ್’, ‘ಕಾರ್ಬನ್ ಪೀಲ್’ ಎಂದೆಲ್ಲ ಕರೆಸಿಕೊಳ್ಳುವ ಲೇಸರ್ ಇನ್ನೊಂದು. ರಿಸರ್ಫೇಸಿಂಗ್ ಎಂಬುದು ಇವೆರಡೂ ಅಲ್ಲ. ಅದು ಚರ್ಮಕ್ಕೆ ಲೆಕ್ಕಾಚಾರದ ಗಾಯ ಮಾಡಿ, ಆ ಗಾಯ ಮಾಗುವಾಗ ಹೊಸ ಚರ್ಮ ಬೆಳೆಯುವಂತೆ ಮಾಡುವ ವಿಧಾನ. ಇದಕ್ಕೆ ಹೆಚ್ಚಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್. ಆ ಬೆಳಕಿನ ತರಂಗಾಂತರ 10,600 ನ್ಯಾನೋಮೀಟರ್, ಕಣ್ಣಿಗೆ ಕಾಣದು. ನೀರು ಅದನ್ನು ಗಬಕ್ಕನೆ ಹೀರಿಕೊಳ್ಳುತ್ತದೆ. ಚರ್ಮದ ಜೀವಕೋಶಗಳಲ್ಲಿ ನೀರೇ ಹೆಚ್ಚಾದ್ದರಿಂದ, ಕಿರಣ ಬಿದ್ದ ಕಡೆ ಜೀವಕೋಶ ಕ್ಷಣದಲ್ಲಿ ಆವಿಯಾಗುತ್ತದೆ, ಸುತ್ತಲಿನ ಭಾಗ ಕಾಯುತ್ತದೆ, ಆ ಕಾವಿಗೆ ಹಳೆಯ ಕೊಲಾಜೆನ್ ಎಳೆಗಳು ಮುದುಡಿ, ಮುಂದಿನ ತಿಂಗಳುಗಳಲ್ಲಿ ಹೊಸ ಎಳೆಗಳು ಹುಟ್ಟುತ್ತವೆ.

ತೊಂಬತ್ತರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಇಡೀ ಮುಖದ ಮೇಲ್ಪದರವನ್ನೇ ಹೀಗೆ ತೆಗೆಯುತ್ತಿದ್ದರು. ಸುಕ್ಕು ಚೆನ್ನಾಗಿಯೇ ಇಳಿಯುತ್ತಿತ್ತು; ಆದರೆ ವಾರಗಟ್ಟಲೆ ಮುಖ ಹಸಿ ಹುಣ್ಣಾಗಿರುತ್ತಿತ್ತು, ಸೋಂಕಿನ ಭಯವಿತ್ತು, ತಿಂಗಳುಗಟ್ಟಲೆ ಕೆಂಪು ಆರುತ್ತಿರಲಿಲ್ಲ. 2004ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ಮತ್ತು ಸಂಗಡಿಗರು ಬೇರೊಂದು ದಾರಿ ತೋರಿಸಿದರು. ಇಡೀ ಹೊಲವನ್ನು ಅಗೆಯುವ ಬದಲು ತೆಂಗಿನ ಸಸಿಗೆ ಗುಣಿ ತೋಡಿದ ಹಾಗೆ, ಕೂದಲೆಳೆಯಷ್ಟು ಅಗಲದ ಗಾಯಗಳನ್ನು ಸಾಲಾಗಿ ಮಾಡಿ, ನಡುವಿನ ಚರ್ಮವನ್ನು ಹಾಗೆಯೇ ಬಿಡುವುದು. ಮುಟ್ಟದೆ ಬಿಟ್ಟ ಚರ್ಮ ಪಕ್ಕದ ಗಾಯವನ್ನು ಬೇಗ ಮುಚ್ಚುತ್ತದೆ. ‘ಫ್ರಾಕ್ಷನಲ್’ ಎಂಬ ಹೆಸರು ಬಂದದ್ದು ಇದರಿಂದ. ಇವತ್ತು ನಮ್ಮ ಜಿಲ್ಲಾ ಕೇಂದ್ರಗಳ ಕ್ಲಿನಿಕ್‌ಗಳಲ್ಲಿ ರಿಸರ್ಫೇಸಿಂಗ್ ಎಂದರೆ ಬಹುತೇಕ ಇದೇ.

ಚಿಕಿತ್ಸೆ ಹೇಗೆ ನಡೆಯುತ್ತದೆಂದರೆ, ಮೊದಲು ಮುಖ ತೊಳೆದು ಮರಗಟ್ಟಿಸುವ ಕ್ರೀಮನ್ನು ದಪ್ಪವಾಗಿ ಹಚ್ಚಿ ಮುಕ್ಕಾಲು ಗಂಟೆ, ಒಂದು ಗಂಟೆ ಬಿಡುತ್ತಾರೆ. ಕಣ್ಣಿಗೆ ಮುಚ್ಚಳ ಹಾಕುತ್ತಾರೆ. ಯಂತ್ರದ ಕೈ ಕೆನ್ನೆಗೆ ತಾಕಿದಾಗ ಟಕ್ ಟಕ್ ಎಂದು ಸಣ್ಣ ಸದ್ದು, ಪ್ರತಿ ಸದ್ದಿಗೂ ಚುಕ್ಕಿಗಳ ಒಂದು ಚೌಕ ಮೂಡುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಆ ಹೊಗೆಯನ್ನು ಹೀರುವ ಕೊಳವೆ ಪಕ್ಕದಲ್ಲೇ ಇರಬೇಕು. ಕ್ರೀಮು ಹಚ್ಚಿದ್ದರೂ ಉರಿ ಗೊತ್ತಾಗುತ್ತದೆ. ಅಂದು ಸಂಜೆ ಮುಖ ಊದಿ ಕೆಂಪಾಗುತ್ತದೆ, ಎರಡು ಮೂರನೆಯ ದಿನಕ್ಕೆ ಚುಕ್ಕಿಗಳೆಲ್ಲ ಕಂದು ಹೊಪ್ಪಳೆಯಾಗಿ ಕೈಗೆ ತರಿತರಿ ಎನ್ನುತ್ತವೆ, ಸುಮಾರು ಒಂದು ವಾರದಲ್ಲಿ ಉದುರುತ್ತವೆ. ಮೊಡವೆ ಗುಳಿಗಳಿಗೆ ಒಂದೇ ಸಲಕ್ಕೆ ಸಾಲದು; ತಿಂಗಳು, ಒಂದೂವರೆ ತಿಂಗಳಿಗೊಮ್ಮೆಯಂತೆ ಹಲವು ಸಲ ಮಾಡಿಸಬೇಕಾಗುತ್ತದೆ. ಕೊಲಾಜೆನ್ ಬೆಳೆಯುವುದು ನಿಧಾನ, ಫಲ ಪೂರ್ತಿ ಕಾಣಲು ಮೂರರಿಂದ ಆರು ತಿಂಗಳು. ಎಷ್ಟೇ ಚೆನ್ನಾಗಿ ಆದರೂ ಗುಳಿ ಆಳ ಕಡಿಮೆಯಾಗುತ್ತದೆಯೇ ಹೊರತು ಮೊಡವೆ ಬರುವ ಮುಂಚಿನ ಚರ್ಮ ಮರಳುವುದಿಲ್ಲ. ಜಾಹೀರಾತಿನ ಚಿತ್ರದಲ್ಲಿ ಕಾಣುವ ಬದಲಾವಣೆಯಲ್ಲಿ ದೀಪದ ಬೆಳಕಿನ ಪಾಲೂ ಇರುತ್ತದೆ. ಪಕ್ಕದಿಂದ ಬೆಳಕು ಬಿದ್ದರೆ ಗುಳಿ ಎದ್ದು ಕಾಣುತ್ತದೆ, ಎದುರಿನಿಂದ ಬಿದ್ದರೆ ಮಾಯವಾಗುತ್ತದೆ.

ಇನ್ನು ನಮ್ಮ ಚರ್ಮದ ವಿಷಯ. ಸೊಳ್ಳೆ ಕಚ್ಚಿದ ಜಾಗ, ಬಳೆ ಒಡೆದು ಗೀರಿದ ಜಾಗ, ಬಿಸಿ ಎಣ್ಣೆ ಸಿಡಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗಾಯ ಮಾಗುವಾಗ ಮೆಲನಿನ್ ಎಂಬ ಬಣ್ಣದ ಉತ್ಪತ್ತಿ ಕೆರಳುವುದೇ ಇದಕ್ಕೆ ಕಾರಣ. ಲೇಸರ್ ಮಾಡುವುದೂ ಗಾಯವನ್ನೇ. 1975ರಲ್ಲಿ ಅಮೆರಿಕದ ಚರ್ಮರೋಗ ತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್, ಬಿಸಿಲಿಗೆ ಸುಡುತ್ತದೋ ಕಪ್ಪಾಗುತ್ತದೋ ಎಂಬುದರ ಮೇಲೆ ಚರ್ಮವನ್ನು ವಿಂಗಡಿಸುವ ಕ್ರಮವೊಂದನ್ನು ಮಾಡಿದರು. ಅದು ಮೊದಲಿಗೆ ಬಿಳಿಯರ ಚರ್ಮಕ್ಕಷ್ಟೇ ಇತ್ತು. ಕಂದು ಮತ್ತು ಕಪ್ಪು ಚರ್ಮದ ವರ್ಗಗಳು ಸೇರಿದ್ದು ಆಮೇಲೆ. ಈಗಿನ ಆರು ವರ್ಗಗಳಲ್ಲಿ ನಮ್ಮಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದನೆಯದರಲ್ಲಿ ಬರುತ್ತಾರೆ. ಈ ಚರ್ಮಕ್ಕೆ ಮೆಲನಿನ್ ಒಂದು ವರವೂ ಹೌದು. ಬಿಳಿಯರಿಗೆ ಬೇಗ ಬರುವ ಸಣ್ಣ ಸುಕ್ಕುಗಳು ನಮ್ಮವರಿಗೆ ಎಷ್ಟೋ ವರ್ಷ ತಡವಾಗಿ ಬರುತ್ತವೆ. ನಮ್ಮಲ್ಲಿ ಮುಪ್ಪು ಮೊದಲು ಕಾಣಿಸಿಕೊಳ್ಳುವುದು ಬಣ್ಣದಲ್ಲಿ: ಹಣೆ, ಕೆನ್ನೆಮೂಳೆ, ಬಾಯಿಯ ಸುತ್ತ ಕಪ್ಪು, ಕೆನ್ನೆಯ ಮೇಲೆ ಬಂಗು, ಕುತ್ತಿಗೆಯ ಬುಡದಲ್ಲಿ ಎರಡು ಬಣ್ಣ. ಅಂದರೆ ಸುಕ್ಕು ತೆಗೆಯಲು ಹೆಸರಾದ ಯಂತ್ರವನ್ನು ನಾವು ಬಣ್ಣದ ತೊಂದರೆಗೆ ಹಿಡಿದುಕೊಂಡು ಹೋಗುತ್ತಿದ್ದೇವೆ, ಅದೂ ಗಾಯವಾದರೆ ಕಪ್ಪಾಗುವ ಚರ್ಮದ ಮೇಲೆ. ಚಿಕಿತ್ಸೆಯ ನಂತರದ ಈ ಕಪ್ಪು ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ ಮೂಡುತ್ತದೆ. ಹೆಚ್ಚಿನವರಲ್ಲಿ ಕ್ರಮೇಣ ಇಳಿಯುತ್ತದೆ ನಿಜ. ಆದರೆ ಆ ತಿಂಗಳುಗಳಲ್ಲಿ ಬಿಸಿಲು ತಾಕಿದರೆ ಇಳಿಯುವ ಬದಲು ಗಟ್ಟಿಯಾಗುತ್ತದೆ.

ಬಂಗಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಬಂಗು ಬರುವುದಕ್ಕೆ ಬಸಿರು, ಹಾರ್ಮೋನು, ಮನೆತನದ ಗುಣ, ಬಿಸಿಲು ಎಲ್ಲವೂ ಸೇರಿರುತ್ತವೆ. ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕು ಮತ್ತು ಶಾಖವೂ ಅದನ್ನು ಹೆಚ್ಚಿಸುತ್ತವೆ. ಸೌದೆ ಒಲೆಯ ಮುಂದೆ ಬಗ್ಗಿ ಕೂತವರಿಗೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಕಾಯಿಸುವವರಿಗೆ ಈ ಮಾತು ನೇರವಾಗಿ ಸಂಬಂಧಿಸಿದ್ದು. ಲೇಸರ್ ಶಾಖವೂ ಶಾಖವೇ. ಹಾಗಾಗಿ ಲೇಸರ್ ಮಾಡಿಸಿದ ಮೇಲೆ ಬಂಗು ಒಂದೆರಡು ತಿಂಗಳು ತಿಳಿಯಾದಂತೆ ಕಂಡು, ಆಮೇಲೆ ಮೊದಲಿಗಿಂತ ದಟ್ಟವಾಗಿ ಮರಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಪದೇ ಪದೇ ಟೋನಿಂಗ್ ಮಾಡಿಸಿದವರಲ್ಲಿ ಸುಣ್ಣ ಚಿಮುಕಿಸಿದಂಥ ಬಿಳಿ ಚುಕ್ಕಿಗಳು ಬೀಳುವುದೂ ಉಂಟು, ಅವನ್ನು ಸರಿಪಡಿಸುವುದು ಕಷ್ಟ. ಬಂಗಿಗೆ ಮೊದಲ ಚಿಕಿತ್ಸೆ ಎಂದರೆ ಬಿಸಿಲ ತಡೆ, ವೈದ್ಯರು ಅವಧಿ ಹೇಳಿ ಕೊಡುವ ಹಚ್ಚುವ ಔಷಧ, ಕೆಲವರಿಗೆ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು ಆ ಗುಳಿಗೆ ನುಂಗಬಾರದು, ಅದಕ್ಕೇ ವೈದ್ಯರ ಚೀಟಿ ಬೇಕು.

ಇಲ್ಲಿ ಇನ್ನೊಂದು ಅಪಾಯದ ಮಾತು ಹೇಳಲೇಬೇಕು. ಲೇಸರ್ ಬಯಸಿ ಬರುವ ಎಷ್ಟೋ ಮುಖಗಳು ಅಷ್ಟರಲ್ಲಾಗಲೇ ಸ್ಟೀರಾಯ್ಡ್ ಕ್ರೀಮಿನಿಂದ ಹಾಳಾಗಿರುತ್ತವೆ. ಬೆಳ್ಳಗಾಗುವ ಕ್ರೀಮು ಎಂದು ಅಂಗಡಿಯಲ್ಲಿ ಕೇಳಿ ತಂದು ವರ್ಷಗಟ್ಟಲೆ ಹಚ್ಚಿದ್ದರಿಂದ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣುತ್ತಾ, ಕ್ರೀಮು ನಿಲ್ಲಿಸಿದ ಕೂಡಲೇ ಉರಿದು ಕೆಂಪಾಗುವ ಸ್ಥಿತಿ ಅದು. ಈ ಪಿಡುಗು ಎಷ್ಟು ಹಬ್ಬಿದೆಯೆಂದರೆ ನಮ್ಮ ಚರ್ಮರೋಗ ತಜ್ಞರ ಸಂಘ ಇದರ ವಿರುದ್ಧವೇ ಒಂದು ಕಾರ್ಯಪಡೆ ಕಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು. ಅಂಥ ಚರ್ಮದ ಮೇಲೆ ಲೇಸರ್ ಹಾಯಿಸುವುದು ದೊಡ್ಡ ತಪ್ಪು. ಮನೆಯಲ್ಲಿರುವ ಎಲ್ಲ ಕ್ರೀಮು, ಮುಲಾಮುಗಳ ಟ್ಯೂಬುಗಳನ್ನು ಚೀಲಕ್ಕೆ ಹಾಕಿಕೊಂಡು ವೈದ್ಯರ ಮುಂದೆ ಸುರಿಯುವುದು ಲೇಸರ್ ಬಗ್ಗೆ ಮಾತಾಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ನಾವು ‘ಹಿಮ್ಸ್’ ಎನ್ನುವ ಸರ್ಕಾರಿ ಆಸ್ಪತ್ರೆಯಲ್ಲಿ, ಚರ್ಮರೋಗ ವಿಭಾಗವಿದೆ. ಕಾಯಿಲೆ ಯಾವುದು ಎಂದು ತಿಳಿಯುವುದಕ್ಕೆ ದೊಡ್ಡ ಖರ್ಚಿನ ಅಗತ್ಯವಿಲ್ಲ.

ಬಿಸಿಲ ತಡೆಯೇ ಮುಖ್ಯ ಎನ್ನುವುದಕ್ಕೆ ಆಧಾರವೇನು? ಆಸ್ಟ್ರೇಲಿಯಾದ ನ್ಯಾಂಬರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ ನಡೆದ ಪ್ರಯೋಗ ಇದಕ್ಕೆ ಸಿಕ್ಕಿರುವ ಗಟ್ಟಿ ಸಾಕ್ಷ್ಯ. 55 ವರ್ಷದೊಳಗಿನ 903 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಇನ್ನೊಂದು ಗುಂಪಿಗೆ ತಮಗೆ ತೋಚಿದಂತೆ ಎಂದರು. ನಾಲ್ಕೂವರೆ ವರ್ಷದ ನಂತರ ನೋಡಿದಾಗ ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ 24ರಷ್ಟು ಕಡಿಮೆಯಿತ್ತು. ಅವರು ಬಿಳಿಯರು, ನಮಗೆ ಆ ಲೆಕ್ಕ ಹೊಂದುವುದಿಲ್ಲ ಎನ್ನಬಹುದು. ಶೇಕಡಾವಾರು ಅಂಕಿ ಹೊಂದದಿರಬಹುದು, ಒಪ್ಪೋಣ. ಆದರೆ ನಮ್ಮ ಚರ್ಮದ ಪಾಡು ಗೊತ್ತಾಗಬೇಕಾದರೆ ದೂರದ ಪ್ರಯೋಗವೂ ಬೇಡ: ಹೊಲದಲ್ಲಿ ದುಡಿಯುವ ಯಾರದೇ ಆದರೂ ಮುಂಗೈ ಹೊರಭಾಗವನ್ನೂ, ಬಟ್ಟೆಯ ಮರೆಯಲ್ಲಿರುವ ತೋಳಿನ ಒಳಭಾಗವನ್ನೂ ಒಟ್ಟಿಗೆ ಹಿಡಿದು ನೋಡಿದರೆ ಸಾಕು. ಎರಡಕ್ಕೂ ವಯಸ್ಸು ಒಂದೇ, ವ್ಯತ್ಯಾಸವೆಲ್ಲ ಬಿಸಿಲಿನದು. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 28 ವರ್ಷ ಲಾರಿ ಓಡಿಸಿದ ಚಾಲಕನ ಚಿತ್ರ ಬಂದಿತ್ತು. ಕಿಟಕಿಯ ಕಡೆಯ ಅರ್ಧ ಮುಖ ಸುಕ್ಕುಗಟ್ಟಿ ಜೋತುಬಿದ್ದಿತ್ತು, ಇನ್ನರ್ಧ ಎಷ್ಟೋ ಚಿಕ್ಕ ವಯಸ್ಸಿನದಾಗಿ ಕಾಣುತ್ತಿತ್ತು. ಗಾಜು ಏರಿಸಿದರೂ ನೇರಳಾತೀತದ ಒಂದು ಬಗೆಯ ಕಿರಣ ಒಳಗೆ ಬರುತ್ತದೆ. ಬಿಸಿಲಿನ ಜತೆಗೆ ಸೇದುವ ಚಟ ಸೇರಿದರೆ ಕೊಲಾಜೆನ್ ಇನ್ನೂ ಬೇಗ ಸವೆಯುತ್ತದೆ. ಸಿಗರೇಟಿಗೆ ಹೋಗುವ ಸೊಪ್ಪು ರಾಮನಾಥಪುರದ ಮಾರುಕಟ್ಟೆಯಲ್ಲಿ ಹರಾಜಾಗುವ ಅರಕಲಗೂಡು ತಾಲ್ಲೂಕಿನಲ್ಲಿ ಇದನ್ನು ಹೇಳುವುದು ಬೆಳೆಗಾರರಿಗೆ ನೋವಾಗಬಹುದು. ಆದರೆ ಸೇದುವವರ ಲೇಸರ್ ಗಾಯ ಮಾಗುವುದೂ ತಡ ಎಂಬುದನ್ನು ಮುಚ್ಚಿಡುವಂತಿಲ್ಲ.

ಸನ್‌ಸ್ಕ್ರೀನು ಪಟ್ಟಣದ ಉಳ್ಳವರ ಮಾತು, ಕೂಲಿಗೆ ಹೋಗುವವರಿಗೆ ಅದನ್ನು ಹೇಳುವುದು ನ್ಯಾಯವೇ ಎಂಬ ಆಕ್ಷೇಪ ಬಹಳ ತೂಕದ್ದು. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದದಷ್ಟು ಹಚ್ಚಬೇಕು, ಹೊರಗಿದ್ದರೆ ಮತ್ತೆ ಹಚ್ಚಬೇಕು. ಹಾಗೆ ಮಾಡಿದರೆ 50 ಗ್ರಾಂ ಟ್ಯೂಬು ತಿಂಗಳು ಬರುವುದಿಲ್ಲ. ಬೆವರಿನಲ್ಲಿ ಅದು ನಿಲ್ಲುವುದೂ ಕಡಿಮೆ. ಆದ್ದರಿಂದ ಹೊಲದಲ್ಲಿ ಕೆಲಸ ಮಾಡುವವರಿಗೆ ಬಟ್ಟೆಯೇ ಮೊದಲ ರಕ್ಷಣೆ, ಅದನ್ನು ನಮ್ಮ ಹೆಂಗಸರು ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದಾರೆ. ಸೀರೆಯ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಅಂಗಿ, ತಲೆಗೆ ಟವೆಲು. ಹೊಳೆನರಸೀಪುರದ ನಾಲೆಯ ಬಯಲಲ್ಲಿ ನಾಟಿ ಹಾಕುವವರೂ, ಚನ್ನರಾಯಪಟ್ಟಣದ ಕಡೆ ರಾಗಿ ಕಳೆ ತೆಗೆಯುವವರೂ ಹೀಗೇ ಕಾಣಸಿಗುತ್ತಾರೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಚೆನ್ನಾಗಿಯೇ ತಡೆಯುತ್ತದೆ. ಬಿಟ್ಟುಹೋಗುವುದು ಮುಖ ಮಾತ್ರ. ಟವೆಲಿನ ಮೇಲೆ ಅಗಲ ಅಂಚಿನ ಟೋಪಿಯೊಂದು ಸೇರಿದರೆ ಮುಖಕ್ಕೆ ನೆರಳು ಬೀಳುತ್ತದೆ, ಅದರ ಬೆಲೆ ಲೇಸರ್‌ನ ಒಂದು ಸರದಿಯ ಖರ್ಚಿನ ಮುಂದೆ ಏನೇನೂ ಅಲ್ಲ. ಇನ್ನು ಬಂಗು ಇರುವವರು ಕ್ರೀಮು ಕೊಳ್ಳುವುದೇ ಆದರೆ ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನು ಕೊಳ್ಳಲಿ. ಕಣ್ಣಿಗೆ ಕಾಣುವ ಬೆಳಕನ್ನು ಬಿಳಿ ಕ್ರೀಮುಗಳು ಅಷ್ಟಾಗಿ ತಡೆಯುವುದಿಲ್ಲ.

ಇದೆಲ್ಲ ಶೋಕಿ, ದೇವರು ಕೊಟ್ಟ ಮುಖಕ್ಕೆ ಇಷ್ಟು ಉಪಚಾರ ಯಾಕೆ ಎನ್ನುವ ಹಿರಿಯರೂ ಇದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಕೆನ್ನೆ ತುಂಬಾ ಗುಳಿಬಿದ್ದವರು ಫೋಟೊಗೆ ನಿಲ್ಲುವುದನ್ನು, ಜನರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಬಿಡುತ್ತಾರೆ. ಆ ಸಂಕಟ ನಿಜವಾದದ್ದು. ಸ್ಟವ್ ಸಿಡಿದು, ಒಲೆಯ ಬೆಂಕಿ ತಾಗಿ ಮುಖ ಕುತ್ತಿಗೆ ಬಿಗಿದುಕೊಂಡವರ ಪಾಡಂತೂ ಹೇಳುವುದೇ ಬೇಡ. ಸುಟ್ಟ ಗಾಯದ ಬಿಗಿತವನ್ನು ಸಡಿಲಿಸುವುದರಲ್ಲಿ ಫ್ರಾಕ್ಷನಲ್ ಲೇಸರ್ ಒಳ್ಳೆಯ ಹೆಸರು ಪಡೆದಿದೆ, ಕುತ್ತಿಗೆ ತಿರುಗಿಸಲು, ಬಾಯಿ ಪೂರ್ತಿ ತೆರೆಯಲು ನೆರವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಯಂತ್ರ ಮೊದಲು ಸಲ್ಲಬೇಕಾದದ್ದು ಇಂಥವರಿಗೆ. ಸರ್ಕಾರಿ ಆಸ್ಪತ್ರೆಗಳು ಅದಕ್ಕೆ ದುಡ್ಡು ಹಾಕಿದರೆ ಅದು ಸೌಂದರ್ಯದ ಖರ್ಚು ಎಂದು ಯಾರೂ ಮೂಗು ಮುರಿಯಬೇಕಿಲ್ಲ. ಮೊಡವೆ ಗುಳಿಗಳಿಗೆ ಸೂಜಿಯ ಉರುಳೆಯಿಂದ ಮಾಡುವ ಮೈಕ್ರೋನೀಡ್ಲಿಂಗ್ ಎಂಬ ಇನ್ನೊಂದು ದಾರಿಯೂ ಇದೆ. ಅದರಲ್ಲಿ ಶಾಖವಿಲ್ಲ, ಹಾಗಾಗಿ ಕಪ್ಪಾಗುವ ಭಯ ಕಡಿಮೆ, ಖರ್ಚೂ ಕಡಿಮೆ. ಎಳೆಯರಿಗೆ ಮೊದಲು ಅದನ್ನು ಹೇಳುವ ವೈದ್ಯರನ್ನು ನಂಬಬಹುದು.

ಹೊಸ ಯಂತ್ರ ಬಂದಿದೆ, ಎಲ್ಲ ಬಣ್ಣದ ಚರ್ಮಕ್ಕೂ ಸುರಕ್ಷಿತ ಎಂಬ ಮಾತೂ ಕೇಳಿಬರುತ್ತದೆ. ಯಂತ್ರಗಳು ಸುಧಾರಿಸಿರುವುದು ಸುಳ್ಳಲ್ಲ. ಆದರೆ ಒಂದೇ ಯಂತ್ರದಲ್ಲಿ ಎಷ್ಟು ಶಕ್ತಿ, ಚುಕ್ಕಿಗಳ ನಡುವೆ ಎಷ್ಟು ಅಂತರ, ಒಂದೇ ಜಾಗಕ್ಕೆ ಎಷ್ಟು ಸಲ ಎಂಬುದನ್ನು ಗೊತ್ತುಮಾಡುವುದು ಹಿಡಿದ ಕೈ. ನಮ್ಮ ಚರ್ಮಕ್ಕೆ ಚುಕ್ಕಿಗಳು ವಿರಳವಾಗಿರಬೇಕು, ಸರದಿಗಳು ಹೆಚ್ಚಾದರೂ ಚಿಂತೆಯಿಲ್ಲ. ಮೊದಲು ಕಿವಿಯ ಹಿಂದೆಯೋ ದವಡೆಯ ಕೆಳಗೋ ಸಣ್ಣ ಜಾಗದಲ್ಲಿ ಮಾಡಿ, ಕೆಲವು ವಾರ ಕಾದು ನೋಡುವ ವೈದ್ಯರು ಸಮಯ ಹಾಳು ಮಾಡುತ್ತಿಲ್ಲ. ಆದ್ದರಿಂದ ಕ್ಲಿನಿಕ್‌ನಲ್ಲಿ ಕೇಳಬೇಕಾದದ್ದು ಯಂತ್ರದ ಹೆಸರಿಗಿಂತ, ಅದನ್ನು ಹಿಡಿಯುವವರು ಯಾರು, ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದ್ದಾರೆಯೇ ಎಂಬುದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಕ್ಲಿನಿಕ್‌ಗೆ ನೋಂದಣಿ ಬೇಕೇ ಬೇಕು. ಆ ನೋಂದಣಿಯ ಕೆಪಿಎಂಇ ಸಂಖ್ಯೆ ಎಲ್ಲಿದೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಬ್ಯೂಟಿ ಪಾರ್ಲರ್‌ನಲ್ಲಿ ಚರ್ಮ ಆವಿಯಾಗಿಸುವ ಲೇಸರ್ ಇಟ್ಟಿದ್ದರೆ ಅಲ್ಲಿಂದ ಎದ್ದು ಬರುವುದೇ ಸರಿ. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಬೇಕು. ಮೊಡವೆಗೆ ಐಸೋಟ್ರೆಟಿನಾಯಿನ್ ಗುಳಿಗೆ ನುಂಗುತ್ತಿದ್ದರೆ, ತುಟಿಯ ಅಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುತ್ತಿದ್ದರೆ, ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಕಟ್ಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಇದನ್ನೆಲ್ಲ ಅವರು ಕೇಳದಿದ್ದರೂ ನಾವೇ ಹೇಳಬೇಕು.

ಕೊನೆಗೆ ಕಾಲ ಮತ್ತು ದೂರದ ಲೆಕ್ಕ. ಫೆಬ್ರವರಿಯಿಂದ ಮೇ ತನಕದ ಬಿಸಿಲಿನಲ್ಲಿ ಲೇಸರ್ ಬೇಡ ಎನ್ನುವುದು ಸಾಮಾನ್ಯ ಸಲಹೆ. ಮದುವೆಗಳು ಹೆಚ್ಚು ನಡೆಯುವುದೂ ಆ ತಿಂಗಳುಗಳಲ್ಲೇ ಆದ್ದರಿಂದ, ಲಗ್ನಪತ್ರಿಕೆ ಅಚ್ಚಾದ ಮೇಲೆ ಕ್ಲಿನಿಕ್ ಹುಡುಕುವವರಿಗೆ ಕಾಲ ಮೀರಿರುತ್ತದೆ. ಹಿಂದಿನ ಮಳೆಗಾಲದಲ್ಲೇ ಶುರು ಮಾಡಿದ್ದರೆ ಮಾತು ಬೇರೆ. ಆದರೆ ಬೇಸಾಯದವರಿಗೆ ಮಳೆಗಾಲವೇ ಹೊರಗಿನ ದುಡಿಮೆಯ ಕಾಲ. ಗಾಯ ಮಾಗುವ ಒಂದೆರಡು ವಾರ ಹೊಲಕ್ಕೆ ಹೋಗದೆ, ಆಮೇಲೆ ಕೆಲವು ತಿಂಗಳು ಮುಖಕ್ಕೆ ನೆರಳು ಮಾಡಿಕೊಂಡು ಇರಲು ಆಗುತ್ತದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಉತ್ತರ ಬಂದರೆ ಲೇಸರ್ ಮುಂದಕ್ಕೆ ಹಾಕುವುದೇ ಒಳ್ಳೆಯದು. ಬೆಂಗಳೂರಿಗೆ ಹೋಗಿ ಒಂದೇ ದಿನದಲ್ಲಿ ಮಾಡಿಸಿಕೊಂಡು ಬರುವ ಆಸೆಯೂ ಹಲವರಿಗಿದೆ. ತೊಂದರೆ ಕಾಣಿಸುವುದು ಆ ದಿನವಲ್ಲ. ಮೂರನೆಯ ದಿನ ಕೀವು ಕಂಡರೆ, ನಾಲ್ಕನೆಯ ವಾರ ಕೆನ್ನೆ ಕಪ್ಪಾಗತೊಡಗಿದರೆ ಅಂದೇ ವೈದ್ಯರಿಗೆ ತೋರಿಸಬೇಕು, ಆಗ ಶುರುವಾಗುವ ಔಷಧವೇ ಉಳಿದ ಎಲ್ಲವನ್ನೂ ನಿರ್ಧರಿಸುತ್ತದೆ. ನೂರೆಂಬತ್ತು ಕಿಲೋಮೀಟರ್ ದೂರದ ವೈದ್ಯರು ಫೋಟೊ ಕಳಿಸಿ ಎನ್ನುತ್ತಾರೆ. ವೈದ್ಯರು ಹಾಸನದಲ್ಲೇ ಇದ್ದರೆ ಬೆಳಗಿನ ಬಸ್ಸು ಹತ್ತಿ ಹೋಗಿ ತೋರಿಸಿ ಮಧ್ಯಾಹ್ನದೊಳಗೆ ರಾಮನಾಥಪುರಕ್ಕೋ ಶ್ರವಣಬೆಳಗೊಳಕ್ಕೋ ವಾಪಸಾಗಬಹುದು. ಅರ್ಹ ವೈದ್ಯರು ಹತ್ತಿರದಲ್ಲಿದ್ದರೆ, ಅವರ ಯಂತ್ರ ಒಂದು ಮಾದರಿ ಹಳೆಯದಾಗಿದ್ದರೂ, ಅವರಲ್ಲಿ ಮಾಡಿಸುವುದೇ ಲೇಸು. ಹೋಗುವಾಗ ನೆರಳಿನ ಕಡೆಯ ಸೀಟು ಹಿಡಿದು, ಮುಖಕ್ಕೆ ಮೆತ್ತನೆ ಹತ್ತಿ ಬಟ್ಟೆ ಮರೆಮಾಡಿಕೊಂಡು ಹೋಗಬೇಕು.